ನಗಿಸುತ್ತಲೇ ಬದುಕಿನ ಪಾಠ ಹೇಳಿದ ಕಲಾವಿದ: ಈಜಿಪ್ಟಿನ ಹಾಸ್ಯನಟ ನಗೀಬ್ ಅಲ್-ರಿಹಾನಿ

1949ರ ಜೂನ್ 8ರಂದು ಈಜಿಪ್ಟಿನ ರಾಜಧಾನಿ ಕೈರೊ ನಗರ ದುಃಖದಲ್ಲಿ ಮುಳುಗಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಆ ನಗರವನ್ನು ನಗಿಸಿದ ನಗೀಬ್ ಅಲ್-ರಿಹಾನಿ ಟೈಫಾಯ್ಡ್ ಜ್ವರದಿಂದ ಅಂದು ನಿಧನರಾದರು. ಅವರಿಗೆ ಅರುವತ್ತು ವರ್ಷ ವಯಸ್ಸಾಗಿತ್ತು. ಅವರು ನಟಿಸಿದ ಕೊನೆಯ ಚಲನಚಿತ್ರ ಇನ್ನೂ ತೆರೆ ಕಂಡಿರಲಿಲ್ಲ. ಕೆಲವು ತಿಂಗಳುಗಳ ನಂತರ ಆ ಚಿತ್ರ ಬಿಡುಗಡೆಯಾದಾಗ, ಮಣ್ಣು ಸೇರಿದ ನಟ ತೆರೆಯ ಮೇಲೆ ನಗಿಸುವುದನ್ನೂ ಅಳುವುದನ್ನೂ ಜನರು ಕಂಡರು. ಇಂದಿಗೂ ಅರಬ್ ನಾಡುಗಳಲ್ಲಿ ಹಳೆಯ ಚಿತ್ರಗಳನ್ನು ಪ್ರೀತಿಸುವ ಮನೆಗಳಲ್ಲಿ ರಿಹಾನಿ ಎಂಬ ಹೆಸರು ಹೇಳಿದರೆ ಸಾಕು, ಹಿರಿಯರ ಮುಖದಲ್ಲಿ ಮುಗುಳ್ನಗು ಮೂಡುತ್ತದೆ.

ಈ ಕಲಾವಿದನ ಬಗ್ಗೆ ನಾವು ಬರೆಯಲು ಹೊರಟಿರುವುದಕ್ಕೆ ಕಾರಣವಿದೆ. ಅರಬ್ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮುಸ್ಲಿಂ ಬಾಂಧವರು ಮಾತ್ರ. ಆದರೆ ಅರಬಿ ಭಾಷೆಯನ್ನೇ ಮಾತೃಭಾಷೆಯಾಗಿ ಆಡುವ, ಅರಬಿಯಲ್ಲೇ ಪ್ರಾರ್ಥಿಸುವ ಕ್ರೈಸ್ತರು ಲಕ್ಷಾಂತರ ಮಂದಿ ಇದ್ದಾರೆ. ರಿಹಾನಿಯವರು ಅಂಥದ್ದೇ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬೆಳೆದವರು. ಅವರು ಸಂತರೇನೂ ಅಲ್ಲ. ಅವರ ಬದುಕಿನಲ್ಲಿ ತಪ್ಪುಗಳಿದ್ದವು, ಸೋಲುಗಳಿದ್ದವು, ಮುರಿದುಬಿದ್ದ ಸಂಸಾರವಿತ್ತು. ಆದರೂ ಧರ್ಮಭೇದವಿಲ್ಲದೆ ಒಂದು ಇಡೀ ನಾಡಿನ ಜನರು ಅವರನ್ನು ತಮ್ಮವನೆಂದು ಒಪ್ಪಿಕೊಂಡರು. ಅದು ಹೇಗೆ ಸಾಧ್ಯವಾಯಿತು ಎಂಬುದು ತಿಳಿಯಬೇಕಾದ ವಿಷಯ.

ಬಾಲ್ಯ ಮತ್ತು ಶಿಕ್ಷಣ

ನಗೀಬ್ ಅವರು 1889ರ ಜನವರಿ 21ರಂದು ಕೈರೊದ ಹಳೆಯ ಬಡಾವಣೆಯಾದ ಬಾಬ್ ಅಲ್-ಶಾರಿಯಾದಲ್ಲಿ ಜನಿಸಿದರು. ಚಾರ್ಲಿ ಚಾಪ್ಲಿನ್ ಹುಟ್ಟಿದ್ದೂ ಅದೇ ವರ್ಷ. ತಂದೆ ಇಲ್ಯಾಸ್ ಅಲ್-ರಿಹಾನಿಯವರ ಮೂಲ ಇರಾಕಿನ ಮೋಸುಲ್ ನಗರ. ಅವರು ಕುದುರೆ ವ್ಯಾಪಾರಿ, ಖಾಲ್ದಿಯ ಕ್ರೈಸ್ತ ಪರಂಪರೆಗೆ ಸೇರಿದವರು. ತಾಯಿ ಲತೀಫಾ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತ ಮನೆತನದ ಹೆಣ್ಣುಮಗಳು. ಖಾಲ್ದಿಯ ಎಂಬ ಹೆಸರು ನಮಗೆ ಹೊಸದೇನಲ್ಲ. ಕೇರಳದ ಸಂತ ತೋಮಸರ ಕ್ರೈಸ್ತರ ಪ್ರಾಚೀನ ಸಿರಿಯಾಕ್ ಪೂಜಾವಿಧಿ ಇದೇ ಪೂರ್ವ ಪರಂಪರೆಯಿಂದ ಬಂದದ್ದು. ಹೀಗೆ ದೂರದ ಮೋಸುಲ್ ಒಂದು ಕಡೆ ಕೈರೊದ ಗಲ್ಲಿಗೂ ಇನ್ನೊಂದು ಕಡೆ ನಮ್ಮ ನೆರೆಯ ಕರಾವಳಿಗೂ ನಂಟು ಹೊಂದಿದೆ.

ಬಾಲಕ ನಗೀಬ್ ಓದಿದ್ದು ಕೈರೊದಲ್ಲಿ ಫ್ರೆಂಚ್ ಧರ್ಮಸಹೋದರರು ನಡೆಸುತ್ತಿದ್ದ ಶಾಲೆಯಲ್ಲಿ. ಅಲ್ಲಿ ಫ್ರೆಂಚ್ ಭಾಷೆಯನ್ನೂ ಫ್ರೆಂಚ್ ನಾಟಕಗಳನ್ನೂ ಚೆನ್ನಾಗಿ ಕಲಿತರು, ಶಾಲಾ ನಾಟಕಗಳಲ್ಲಿ ಪಾತ್ರ ವಹಿಸಿದರು. ಅರಬಿ ಕಾವ್ಯದಲ್ಲೂ ಅವರಿಗೆ ಅಪಾರ ಆಸಕ್ತಿಯಿತ್ತು. ಮುಂದೆ ಅವರು ರಂಗಕ್ಕೆ ತಂದ ಕಥೆಗಳಲ್ಲಿ ಹಲವು ಫ್ರೆಂಚ್ ಮೂಲದವು. ಅವುಗಳನ್ನು ಓದಿ ಅರಗಿಸಿಕೊಂಡು ಕೈರೊದ ಗಲ್ಲಿಯ ಮಾತಿಗೆ ಇಳಿಸುವ ಸಾಮರ್ಥ್ಯ ಅವರಿಗೆ ಬಂದದ್ದು ಈ ಶಾಲೆಯ ಬೆಂಚಿನಿಂದಲೇ ಎಂದರೆ ತಪ್ಪಾಗಲಾರದು.

ತಂದೆಯ ವ್ಯಾಪಾರ ಕುಸಿದು ಮನೆಯಲ್ಲಿ ಕಷ್ಟ ಬಂದಾಗ ನಗೀಬ್ ದುಡಿಯಲೇಬೇಕಾಯಿತು. ಕೃಷಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿದರು. ದೈವಯೋಗವೋ ಏನೋ, ಅದೇ ಬ್ಯಾಂಕಿನಲ್ಲಿ ಅಜೀಜ್ ಈದ್ ಎಂಬ ಇನ್ನೊಬ್ಬ ಯುವಕ ಕೆಲಸಕ್ಕಿದ್ದರು. ಮುಂದೆ ಅವರು ಈಜಿಪ್ಟಿನ ಆಧುನಿಕ ರಂಗಭೂಮಿಯ ದೊಡ್ಡ ನಿರ್ದೇಶಕರಾದರು. ಇಬ್ಬರಿಗೂ ಲೆಕ್ಕದ ಪುಸ್ತಕಕ್ಕಿಂತ ನಾಟಕದ ಮೇಲೆಯೇ ಮನಸ್ಸು. ಹೀಗಿರುವಾಗ ಬ್ಯಾಂಕಿನ ಕೆಲಸ ಉಳಿಯುವುದುಂಟೇ? ಆಮೇಲೆ ನಗೀಬ್ ದಕ್ಷಿಣ ಈಜಿಪ್ಟಿನ ನಗ್ ಹಮ್ಮಾದಿಯಲ್ಲಿದ್ದ ಸಕ್ಕರೆ ಕಂಪೆನಿಯಲ್ಲಿ ನೌಕರಿಗೆ ಸೇರಿದರು, ಅದನ್ನೂ ಕಳೆದುಕೊಂಡರು. ಸಣ್ಣ ಸಂಬಳದ ಗುಮಾಸ್ತ, ಮೇಲಧಿಕಾರಿಯ ಗದರಿಕೆ, ತಿಂಗಳ ಕೊನೆಗೆ ಖಾಲಿಯಾಗುವ ಜೇಬು - ಇವೆಲ್ಲ ಅವರಿಗೆ ಪುಸ್ತಕದಿಂದ ಬಂದ ಜ್ಞಾನವಲ್ಲ. ಮುಂದೆ ತೆರೆಯ ಮೇಲೆ ಅವರು ಮಾಡಿದ ಪಾತ್ರಗಳೆಲ್ಲ ಇದೇ ಅನುಭವದ ಮಕ್ಕಳು.

ತಾಯಿಗೆ ಮಗ ನಟನಾಗುವುದು ಸ್ವಲ್ಪವೂ ಇಷ್ಟವಿರಲಿಲ್ಲ. ಆ ಕಾಲದಲ್ಲಿ ನಾಟಕದವರೆಂದರೆ ಮರ್ಯಾದಸ್ಥರ ಮನೆಗಳಲ್ಲಿ ಮೂಗು ಮುರಿಯುತ್ತಿದ್ದರು. ಮನೆಯಿಂದ ಹೊರಬಿದ್ದು, ಊಟಕ್ಕೂ ಮಲಗಲು ಜಾಗಕ್ಕೂ ಪರದಾಡಿದ ದಿನಗಳನ್ನು ಅವರು ಕಂಡರು. ಆಗ ಪ್ರಸಿದ್ಧವಾಗಿದ್ದ ಜಾರ್ಜ್ ಅಬ್ಯದ್ ಅವರ ಗಂಭೀರ ನಾಟಕ ಮಂಡಳಿಯನ್ನು ಸೇರಿಕೊಂಡರೂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಸುಲ್ತಾನ ಸಲಾಹುದ್ದೀನನ ಕಥೆಯ ನಾಟಕದಲ್ಲಿ ರಾಜನ ಪಾತ್ರಕ್ಕೆ ಅವರು ಹಾಕಿಕೊಂಡ ವೇಷವನ್ನು ಕಂಡು ಜನರು ನಗಲಾರಂಭಿಸಿದರೆಂದೂ, ಗಂಭೀರ ದೃಶ್ಯ ಕೆಟ್ಟಿತೆಂದು ಅವರನ್ನು ಮಂಡಳಿಯಿಂದ ಹೊರಹಾಕಿದರೆಂದೂ ಹೇಳುತ್ತಾರೆ. ನಗು ಅವರನ್ನು ಹುಡುಕಿಕೊಂಡು ಬಂದಿತ್ತು. ಅದು ಅವರಿಗೇ ಇನ್ನೂ ಗೊತ್ತಿರಲಿಲ್ಲ ಅಷ್ಟೆ.

ಕಿಶ್‌ಕಿಶ್ ಬೇ ಹುಟ್ಟಿದ ಕಥೆ

ಮೊದಲ ಮಹಾಯುದ್ಧದ ಕಾಲವದು. ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿತ್ತು, ಕೈರೊದ ಬೀದಿಗಳು ಪರದೇಶದ ಸಿಪಾಯಿಗಳಿಂದ ತುಂಬಿದ್ದವು. ಇಮಾದ್ ಅಲ್-ದೀನ್ ರಸ್ತೆಯ ಸುತ್ತಮುತ್ತ ಕುಡಿತ, ಕುಣಿತ, ಹಾಡುಗಳ ರಂಗಮನೆಗಳು ತಲೆಯೆತ್ತಿದ್ದವು. 1916ರಲ್ಲಿ ಅಂಥದ್ದೇ ಒಂದು ಜಾಗದಲ್ಲಿ ರಿಹಾನಿಯವರಿಗೆ ಚಿಕ್ಕ ಹಾಸ್ಯ ಪ್ರಹಸನಗಳನ್ನು ಆಡುವ ಕೆಲಸ ಸಿಕ್ಕಿತು. ಗೆಳೆಯ ಸ್ಟೀಫನ್ ರೋಸ್ಟಿ ಅವರನ್ನು ಅಲ್ಲಿಗೆ ಕರೆತಂದವರು. ಅಲ್ಲಿ ಅವರು ಸೃಷ್ಟಿಸಿದ ಪಾತ್ರವೇ ಕಿಶ್‌ಕಿಶ್ ಬೇ.

ಕಿಶ್‌ಕಿಶ್ ಬೇ ಕಫ್ರ್ ಅಲ್-ಬಲ್ಲಾಸ್ ಎಂಬ ಕಾಲ್ಪನಿಕ ಹಳ್ಳಿಯ ಉಮ್ದಾ. ಉಮ್ದಾ ಎಂದರೆ ನಮ್ಮ ಊರುಗಳಲ್ಲಿ ಹಿಂದೆ ಇದ್ದ ಪಟೇಲರ ಹಾಗೆ. ವಯಸ್ಸಾದ, ಉದ್ದ ನಿಲುವಂಗಿ ತೊಟ್ಟ ಈ ಪಟೇಲರು ಹತ್ತಿ ಬೆಳೆ ಮಾರಿದ ಹಣವನ್ನು ಜೇಬಿಗೆ ತುಂಬಿಕೊಂಡು ಕೈರೊಗೆ ಬರುತ್ತಾರೆ. ನಗರದ ಬೆಡಗಿಗೆ ಮರುಳಾಗಿ ಕಾಸೆಲ್ಲ ಕಳೆದುಕೊಂಡು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಪಶ್ಚಾತ್ತಾಪಪಟ್ಟು ಊರಿಗೆ ಮರಳುತ್ತಾರೆ. ಮುಂದಿನ ನಾಟಕದಲ್ಲಿ ಮತ್ತೆ ಹಾಜರಾಗುತ್ತಾರೆ! ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಏರಿ ಅನೇಕ ಜಮೀನುದಾರರ ಕೈಗೆ ಹಣ ಬಂದಿತ್ತು. ಆ ಹಣ ನಗರದಲ್ಲಿ ಕರಗಿಹೋಗುವುದನ್ನು ಜನರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಪಾತ್ರ ನಿಜವೆನಿಸಿತು. ಕೆಲವೇ ತಿಂಗಳಲ್ಲಿ ಕಿಶ್‌ಕಿಶ್ ಬೇ ಮನೆಮಾತಾದರು.

ತಾಯಿಯ ಬಗ್ಗೆ ಒಂದು ಪ್ರಸಂಗವನ್ನು ಹೇಳುತ್ತಾರೆ. ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಪ್ರಯಾಣಿಕರು ಕಿಶ್‌ಕಿಶ್ ಬೇಯನ್ನು ಬಾಯಿತುಂಬ ಹೊಗಳುವುದು ಆ ತಾಯಿಯ ಕಿವಿಗೆ ಬಿತ್ತಂತೆ. ಮಗನ ಕಸುಬಿನ ಬಗ್ಗೆ ಅಷ್ಟು ದಿನ ನಾಚಿಕೆಪಟ್ಟಿದ್ದ ಆಕೆ, ಅವನು ತನ್ನ ಮಗನೆಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಂಡರಂತೆ. ಮಕ್ಕಳ ಆಯ್ಕೆಯನ್ನು ಒಪ್ಪಲಾಗದೆ ಸಂಕಟಪಡುವ ತಂದೆ ತಾಯಂದಿರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಪ್ರಸಂಗ ಅರ್ಥವಾಗದೆ ಇರದು.

ಗೆಳೆತನದ ಫಲ

ರಿಹಾನಿಯವರ ಬದುಕಿನ ಅತಿ ದೊಡ್ಡ ಸಂಪತ್ತು ಎಂದರೆ ಬದೀಅ್ ಖೈರಿಯವರ ಗೆಳೆತನ. 1918ರ ಸುಮಾರಿಗೆ ಆರಂಭವಾದ ಈ ಒಡನಾಟ ಸಾಯುವ ತನಕ, ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ ಉಳಿಯಿತು. ಖೈರಿಯವರು ಬರಹಗಾರರು, ಆಡುಮಾತಿನ ಕವಿ. ಇಬ್ಬರೂ ಕೂಡಿ ಕುಳಿತು ಹತ್ತಾರು ನಾಟಕಗಳನ್ನು ಬರೆದರು. ಖೈರಿ ಮುಸ್ಲಿಂ, ರಿಹಾನಿ ಕ್ರೈಸ್ತ. ಬಹಳ ಕಾಲದವರೆಗೆ ರಿಹಾನಿಯವರು ತಮ್ಮ ಗೆಳೆಯನನ್ನು ಕ್ರೈಸ್ತನೆಂದೇ ತಿಳಿದಿದ್ದರಂತೆ. ಖೈರಿಯವರ ತಾಯಿ ತೀರಿಹೋದಾಗ ಸಾಂತ್ವನ ಹೇಳಲು ಮನೆಗೆ ಹೋದರೆ ಅಲ್ಲಿ ಕುರಾನ್ ಪಠಣ ನಡೆಯುತ್ತಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ವಿಚಾರಿಸಿದಾಗ, ನೀವು ಕೇಳಲೇ ಇಲ್ಲವಲ್ಲ ಎಂಬರ್ಥದ ಉತ್ತರ ಬಂತೆಂದು ಈಜಿಪ್ಟಿನಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಒಟ್ಟಿಗೆ ದುಡಿಯುವವರು ಪರಸ್ಪರರ ಜಾತಿ ಮತ ಕೇಳದೆಯೇ ವರ್ಷಗಟ್ಟಲೆ ಬಾಳಬಹುದು ಎಂಬುದನ್ನು ನಂಬಲು ಜನರಿಗೆ ಇಷ್ಟ. ಆದುದರಿಂದಲೇ ಈ ಕಥೆ ಉಳಿದುಕೊಂಡಿದೆ.

ಇವರಿಬ್ಬರ ಜೊತೆ ಸೇರಿದ ಮೂರನೆಯವರು ಸಯ್ಯದ್ ದರ್ವೀಶ್. ಅಲೆಗ್ಸಾಂಡ್ರಿಯಾದ ಬಡ ಮನೆಯಿಂದ ಬಂದು ಅರಬ್ ಸಂಗೀತದ ದಿಕ್ಕನ್ನೇ ಬದಲಿಸಿದ ಮಹಾನ್ ಸಂಗೀತಗಾರ. ರಿಹಾನಿ ಮಂಡಳಿಯ ನಾಟಕಗಳಿಗೆ ಅವರು ನೀರು ಹೊರುವವರು, ಹಮಾಲರು ಮುಂತಾದ ದುಡಿಯುವ ಜನರ ಬಾಯಿಯ ಹಾಡುಗಳನ್ನು ಕಟ್ಟಿಕೊಟ್ಟರು. 1919ರಲ್ಲಿ ಬ್ರಿಟಿಷರ ವಿರುದ್ಧ ಈಜಿಪ್ಟಿನಲ್ಲಿ ಮಹಾ ದಂಗೆ ಎದ್ದಾಗ ಮಸೀದಿಗಳಲ್ಲಿ ಪಾದ್ರಿಗಳೂ ಚರ್ಚುಗಳಲ್ಲಿ ಮೌಲ್ವಿಗಳೂ ನಿಂತು ಮಾತನಾಡಿದರು. ಅರ್ಧಚಂದ್ರ ಮತ್ತು ಶಿಲುಬೆ ಒಂದೇ ಬಾವುಟದಲ್ಲಿ ಹಾರಾಡಿದವು. ಆ ದಿನಗಳಲ್ಲಿ ರಿಹಾನಿಯವರ ರಂಗದಿಂದ ಹೊರಟ ದೇಶಪ್ರೇಮದ ಹಾಡುಗಳು ಬೀದಿಬೀದಿಗಳಲ್ಲಿ ಕೇಳಿಬಂದವು. ದರ್ವೀಶ್ ಅವರು 1923ರಲ್ಲಿ ಕೇವಲ ಮೂವತ್ತೊಂದರ ಪ್ರಾಯದಲ್ಲಿ ತೀರಿಹೋದದ್ದು ದುರಂತವೇ ಸರಿ.

ಅಪವಾದ ಮತ್ತು ಸೋಲು

ಹೆಸರಿನ ಹಿಂದೆಯೇ ಅಪವಾದವೂ ಬಂತು. ಕುಡುಕರ, ಸಿಪಾಯಿಗಳ ಮುಂದೆ ಆಡುವ ಈ ಪ್ರಹಸನಗಳು ಯುವಜನರನ್ನು ಕೆಡಿಸುತ್ತಿವೆ ಎಂದು ಪತ್ರಿಕೆಗಳು ಟೀಕಿಸಿದವು. ಆ ಟೀಕೆಯಲ್ಲಿ ಸತ್ಯವೇ ಇರಲಿಲ್ಲ ಎನ್ನುವಂತಿಲ್ಲ. ಆರಂಭದ ಪ್ರಹಸನಗಳಲ್ಲಿ ಅಗ್ಗದ ನಗು ಇತ್ತು. 1920ರಲ್ಲಿ ರಿಹಾನಿಯವರು ಅಲ್-ಅಶರಾ ಅಲ್-ತಯ್ಯಿಬಾ ಎಂಬ ಸಂಗೀತ ನಾಟಕವನ್ನು ಹೆಚ್ಚಿನ ಖರ್ಚಿನಿಂದ ರಂಗಕ್ಕೆ ತಂದರು. ಹಿಂದಿನ ಮಮ್ಲೂಕ್ ದೊರೆಗಳ ದರ್ಬಾರನ್ನು ಗೇಲಿ ಮಾಡುವ ಕಥೆ ಅದು. ಸಂಗೀತ ದರ್ವೀಶ್ ಅವರದ್ದು, ನಿರ್ದೇಶನ ಹಳೆಯ ಗೆಳೆಯ ಅಜೀಜ್ ಈದ್ ಅವರದ್ದು. ಆದರೆ ಬ್ರಿಟಿಷರ ವಿರುದ್ಧ ಹೋರಾಡುವ ಹೊತ್ತಿನಲ್ಲಿ ತುರ್ಕಿ ಮೂಲದ ಹಳೆಯ ದೊರೆಗಳನ್ನು ಹಳಿಯುವುದೆಂದರೆ ಬ್ರಿಟಿಷರಿಗೆ ನೆರವಾದಂತೆ ಎಂದು ಕೆಲವರು ಆರೋಪಿಸಿದರು. ದೇಶಭಕ್ತಿಯ ಹಾಡು ಹಾಡಿಸಿದ ಮನುಷ್ಯನಿಗೇ ಪರಕೀಯರ ಏಜೆಂಟನೆಂಬ ಕಳಂಕ ತಗಲಿತು. ಇದು ಅವರನ್ನು ಬಹಳ ನೋಯಿಸಿತು.

ಸಿರಿಯಾ, ಲೆಬನಾನ್ ಪ್ರವಾಸದ ಸಂದರ್ಭದಲ್ಲಿ ಅವರಿಗೆ ಬದೀಆ ಮಸಾಬ್ನಿ ಎಂಬ ಗಾಯಕಿ, ನರ್ತಕಿಯ ಪರಿಚಯವಾಯಿತು. 1924ರಲ್ಲಿ ಇಬ್ಬರೂ ಮದುವೆಯಾದರು. ಮಂಡಳಿಯೊಂದಿಗೆ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿ ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ನೆಲೆಸಿದ್ದ ಸಿರಿಯಾ-ಲೆಬನಾನ್ ಮೂಲದ ವಲಸಿಗರ ಮುಂದೆ ನಾಟಕಗಳನ್ನು ಆಡಿದರು. ದೂರದೇಶದಲ್ಲಿ ಮಾತೃಭಾಷೆಯ ನಾಟಕ ನೋಡುವ ಸಂತಸ ಎಂಥದ್ದೆಂದು ಗಲ್ಫ್ ನಾಡುಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಸಂಸಾರ ಸರಿಹೋಗಲಿಲ್ಲ. ಬದೀಆ ಅವರು 1926ರಲ್ಲಿ ಕೈರೊದಲ್ಲಿ ತಮ್ಮದೇ ರಂಗಮನೆ ತೆರೆದು ಭಾರೀ ಹೆಸರು ಮಾಡಿದರು. ಇಬ್ಬರು ದೊಡ್ಡ ಕಲಾವಿದರು, ಎರಡು ದೊಡ್ಡ ಸ್ವಾಭಿಮಾನಗಳು. ದಾರಿಗಳು ಬೇರೆಯಾದವು. ಊರನ್ನೆಲ್ಲ ನಗಿಸಿದವರು ಕೊನೆಗಾಲದವರೆಗೂ ಒಂಟಿತನವನ್ನು ಅನುಭವಿಸಿದರು.

ಅದೇ ವರ್ಷಗಳಲ್ಲಿ ತಾವೂ ಗಂಭೀರ ನಟನೆಂದು ತೋರಿಸಬೇಕೆಂಬ ಹಂಬಲ ಅವರನ್ನು ಕಾಡಿತು. 1926ರಲ್ಲಿ ಕಿಶ್‌ಕಿಶ್‌ನ ವೇಷ ಕಳಚಿಟ್ಟು ದುರಂತ ನಾಟಕಗಳ ಮಂಡಳಿ ಕಟ್ಟಿದರು. ಜನರು ಒಪ್ಪಲಿಲ್ಲ. ಕೈಯಲ್ಲಿದ್ದ ಹಣ ಹೋಯಿತು, ಸಾಲ ಬಂತು. ಅವರು ಪುನಃ ಹಾಸ್ಯಕ್ಕೆ ಮರಳಬೇಕಾಯಿತು. 1931ರಲ್ಲಿ ಫ್ರೆಂಚ್ ಲೇಖಕ ಮಾರ್ಸೆಲ್ ಪಾನ್ಯೋಲ್ ಅವರ ತೊಪಾಜ್ ನಾಟಕವನ್ನು ಈಜಿಪ್ಟಿನ ಪೌಂಡ್ ಎಂಬ ಅರ್ಥದ ಹೆಸರಿನಲ್ಲಿ ಅರಬಿಗೆ ತಂದರು. ಪ್ರಾಮಾಣಿಕ ಶಾಲಾ ಮಾಸ್ತರನೊಬ್ಬ ಸತ್ಯವಂತನಾಗಿದ್ದುದಕ್ಕೆ ಕೆಲಸ ಕಳೆದುಕೊಂಡು, ವಂಚಕರ ಲೋಕಕ್ಕೆ ಬೀಳುವ ಕಥೆಯದು. ಹಾಡು ಕುಣಿತಗಳಿಗೆ ಒಗ್ಗಿಹೋಗಿದ್ದ ಪ್ರೇಕ್ಷಕರಿಗೆ ಅದೂ ರುಚಿಸಲಿಲ್ಲ. ಆದರೂ ಈ ಸೋಲಿನಿಂದಲೇ ಅವರ ಅತ್ಯುತ್ತಮ ಕಾಲ ಆರಂಭವಾಯಿತು ಎಂಬುದು ಗಮನಾರ್ಹ.

ಸಾಮಾನ್ಯ ಮನುಷ್ಯನ ನಟ

ಮೂವತ್ತರ ದಶಕದಲ್ಲಿ ರಿಹಾನಿ ಮತ್ತು ಖೈರಿ ಹೊಸ ಬಗೆಯ ಹಾಸ್ಯವನ್ನು ಕಂಡುಕೊಂಡರು. ಹಳ್ಳಿಯ ಪಟೇಲರ ಜಾಗದಲ್ಲಿ ಈಗ ಬಂದದ್ದು ನಗರದ ಬಡ ಗುಮಾಸ್ತ, ಜವಾನ, ಮಾಸ್ತರ. ತೇಪೆ ಹಾಕಿದ ಕೋಟು, ತಲೆಯ ಮೇಲೆ ಕೆಂಪು ತರ್ಬೂಶ್ ಟೋಪಿ, ದುಃಖ ತುಂಬಿದ ದೊಡ್ಡ ಕಣ್ಣುಗಳು, ಒರಟು ಧ್ವನಿ. ಲೋಕವೆಲ್ಲ ಮೋಸ ಮಾಡುತ್ತಿರುವಾಗ ಈತನೊಬ್ಬ ಮೋಸ ಮಾಡಲಾಗದೆ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ನಗು ಹುಟ್ಟುವುದು ಅಲ್ಲಿಯೇ.

1937ರಲ್ಲಿ ನಿಯಾಜಿ ಮುಸ್ತಫಾ ನಿರ್ದೇಶಿಸಿದ ಸಲಾಮಾ ಫೀ ಖೈರ್ ಚಿತ್ರವನ್ನೇ ನೋಡೋಣ. ಬಟ್ಟೆ ಅಂಗಡಿಯ ಜವಾನ ಸಲಾಮಾ ಧಣಿಯ ಹಣವನ್ನು ಬ್ಯಾಂಕಿಗೆ ಕಟ್ಟಲು ಹೊರಟು, ಬ್ಯಾಂಕ್ ಮುಚ್ಚಿದ್ದರಿಂದ ಹಣವನ್ನು ಕಾಪಾಡಲು ದೊಡ್ಡ ಹೋಟೆಲೊಂದಕ್ಕೆ ಹೋಗುತ್ತಾನೆ. ಅಲ್ಲಿ ಎಲ್ಲರೂ ಅವನನ್ನು ಪರದೇಶದ ರಾಜಕುಮಾರನೆಂದು ತಪ್ಪು ತಿಳಿಯುತ್ತಾರೆ. ನಿಜವಾದ ರಾಜಕುಮಾರನಿಗೆ ಈ ತಮಾಷೆ ಇಷ್ಟವಾಗಿ ಹಾಗೆಯೇ ಮುಂದುವರಿಸಲು ಹೇಳುತ್ತಾನೆ. ಬಡವನಿಗೆ ರಾಜನ ಉಡುಪು ತೊಡಿಸಿದ ಕೂಡಲೇ ಎಲ್ಲರೂ ನಡು ಬಗ್ಗಿಸುವುದನ್ನು ಚಿತ್ರ ನಗುನಗುತ್ತಲೇ ತೋರಿಸುತ್ತದೆ. ಸಲಾಮಾನಿಗೆ ಮಾತ್ರ ಒಂದೇ ಚಿಂತೆ - ಧಣಿಯ ಹಣ ಒಂದು ಕಾಸೂ ಕಡಿಮೆಯಾಗದೆ ತಲುಪಬೇಕು. 1941ರ ಸೀ ಉಮರ್ ಚಿತ್ರದಲ್ಲಿಯೂ ಜಮೀನುದಾರರ ಲೆಕ್ಕ ನೋಡುವ ಪ್ರಾಮಾಣಿಕ ನೌಕರನೇ ನಾಯಕ.

ಹಸನ್, ಮುರ್ಕುಸ್ ಮತ್ತು ಕೋಹೆನ್ ಎಂಬ ಅವರ ನಾಟಕ ಬಹಳ ಪ್ರಸಿದ್ಧ. ಹೆಸರುಗಳೇ ಹೇಳುವಂತೆ ಒಬ್ಬ ಮುಸ್ಲಿಂ, ಒಬ್ಬ ಕ್ರೈಸ್ತ, ಒಬ್ಬ ಯೆಹೂದಿ. ಮೂವರೂ ಪಾಲುದಾರರಾಗಿ ಔಷಧದ ಅಂಗಡಿ ನಡೆಸುತ್ತಾರೆ. ತಮ್ಮ ಬಡ ನೌಕರನಿಗೆ ಆಸ್ತಿ ಬರಲಿದೆ ಎಂಬ ಸುದ್ದಿ ಅವನಿಗಿಂತ ಮೊದಲೇ ಇವರಿಗೆ ಗೊತ್ತಾಗಿ, ಅದನ್ನು ಲಪಟಾಯಿಸಲು ಮೂವರೂ ಒಂದಾಗುತ್ತಾರೆ. ಸರ್ವಧರ್ಮ ಐಕ್ಯದ ಭಾಷಣ ಇಲ್ಲಿಲ್ಲ. ಲೋಭಕ್ಕೆ ಧರ್ಮಭೇದವಿಲ್ಲ ಎಂದು ನಾಟಕ ಕಟಕಿಯಾಡುತ್ತದೆ. ಮೂರೂ ಸಮುದಾಯದವರು ಒಂದೇ ಸಾಲಿನಲ್ಲಿ ಕುಳಿತು ತಮ್ಮನ್ನು ನೋಡಿ ತಾವೇ ನಕ್ಕರು. ಇದು 1954ರಲ್ಲಿ ಚಲನಚಿತ್ರವೂ ಆಯಿತು. ಆ ಹೊತ್ತಿಗೆ ಈಜಿಪ್ಟಿನ ಯೆಹೂದಿಗಳಲ್ಲಿ ಅನೇಕರು ದೇಶ ಬಿಟ್ಟು ಹೋಗಲಾರಂಭಿಸಿದ್ದರು. 2008ರಲ್ಲಿ ಆದೆಲ್ ಇಮಾಮ್ ಮತ್ತು ಉಮರ್ ಶರೀಫ್ ನಟಿಸಿದ ಚಿತ್ರಕ್ಕೆ ಹಸನ್ ಮತ್ತು ಮುರ್ಕುಸ್ ಎಂದು ಹೆಸರಿಟ್ಟರು. ಮೂರನೆಯ ಹೆಸರು ಆಗ ಇರಲಿಲ್ಲ. ಆ ಒಂದು ಕೊರತೆಯಲ್ಲಿ ಅರುವತ್ತು ವರ್ಷಗಳ ಇತಿಹಾಸವೇ ಅಡಗಿದೆ.

ಕೊನೆಯ ಪಾತ್ರ

ಗಜಲ್ ಅಲ್-ಬನಾತ್ ರಿಹಾನಿಯವರ ಕೊನೆಯ ಚಿತ್ರ. ಹೆಸರಿನ ಅರ್ಥ ಹುಡುಗಿಯರ ಚೆಲ್ಲಾಟ. ಈಜಿಪ್ಟಿನಲ್ಲಿ ಮಕ್ಕಳು ತಿನ್ನುವ, ನಮ್ಮ ಜಾತ್ರೆಗಳಲ್ಲಿ ಸಿಗುವ ಬಾಂಬೆ ಮಿಠಾಯಿಯಂಥ ಸಕ್ಕರೆಯ ನೂಲಿಗೂ ಹೆಚ್ಚುಕಡಿಮೆ ಇದೇ ಹೆಸರು. ಬಾಯಿಗಿಟ್ಟರೆ ಸಿಹಿ, ಮರುಕ್ಷಣ ಏನೂ ಇಲ್ಲ. ರಿಹಾನಿ ಇಲ್ಲಿ ಹಮ್ಮಾಮ್ ಎಂಬ ಬಡ ಅರಬಿ ಮಾಸ್ತರರು. ಶಾಲೆಯಿಂದ ಕೆಲಸ ಕಳೆದುಕೊಂಡ ಅವರು ಶ್ರೀಮಂತ ಪಾಶಾ ಒಬ್ಬರ ಮಗಳಿಗೆ ಮನೆಪಾಠ ಹೇಳಲು ಹೋಗುತ್ತಾರೆ. ಆ ಪಾತ್ರದಲ್ಲಿ ಪ್ರಸಿದ್ಧ ಗಾಯಕಿ ಲೈಲಾ ಮುರಾದ್ ಇದ್ದಾರೆ. ವಯಸ್ಸಾದ ಮಾಸ್ತರರಿಗೆ ಆ ಹುಡುಗಿಯ ಮೇಲೆ ಹೇಳಿಕೊಳ್ಳಲಾಗದ ಪ್ರೀತಿ ಮೂಡುತ್ತದೆ. ಆಕೆ ವಂಚಕನೊಬ್ಬನ ಬಲೆಗೆ ಬಿದ್ದಾಗ ಕಾಪಾಡಲು ಓಡಾಡುತ್ತಾರೆ. ಕೊನೆಗೆ, ಮಹಾನ್ ಗಾಯಕ ಮುಹಮ್ಮದ್ ಅಬ್ದುಲ್ ವಹಾಬ್ ಹಾಡುವಾಗ ಒಂದು ಮೂಲೆಯಲ್ಲಿ ಕುಳಿತು ಕೇಳುತ್ತಾ, ನಿಜವಾದ ಪ್ರೀತಿ ತನಗಾಗಿ ಏನನ್ನೂ ಬೇಡದೆ ಬಿಟ್ಟುಕೊಡುವುದೆಂದು ಅರಿತು ಮೌನವಾಗಿ ಕಣ್ಣೀರು ಸುರಿಸುತ್ತಾರೆ. ಮಾತಿಲ್ಲದ ಆ ದೃಶ್ಯವನ್ನು ಅರಬ್ ಸಿನಿಮಾದ ಮರೆಯಲಾಗದ ದೃಶ್ಯಗಳಲ್ಲಿ ಒಂದೆಂದು ಎಣಿಸುತ್ತಾರೆ.

ಹದಿನೆಂಟು ವರ್ಷ ಹಿಂದೆ, 1931ರಲ್ಲಿ, ಜನರು ತಿರಸ್ಕರಿಸಿದ ಆ ಪ್ರಾಮಾಣಿಕ ಮಾಸ್ತರನೇ ಇಲ್ಲಿ ಮರಳಿ ಬಂದಂತಿದೆ. ಗಂಭೀರ ನಟನಾಗಲು ಹೋಗಿ ಸೋತ ರಿಹಾನಿಯವರು ಹಾಸ್ಯದ ಒಳಗಿನಿಂದಲೇ ಆ ಗುರಿಯನ್ನು ತಲುಪಿದರು. ಆದರೆ ಫಲ ಕಾಣಲು ಅವರೇ ಉಳಿಯಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಚಿತ್ರ ತೆರೆಗೆ ಬಂದಾಗ ಅವರು ತೀರಿ ಮೂರು ತಿಂಗಳಾಗಿತ್ತು.

ಖೈರಿಯವರು ಗೆಳೆಯನ ಮಂಡಳಿಯನ್ನು ಮುಚ್ಚಲು ಬಿಡಲಿಲ್ಲ. ತಮ್ಮ ಮಗ ಆದೆಲ್ ಖೈರಿಯನ್ನೇ ರಿಹಾನಿಯವರ ಪಾತ್ರಗಳಲ್ಲಿ ನಿಲ್ಲಿಸಿ ನಾಟಕಗಳನ್ನು ನಡೆಸಿದರು. ಆ ಮಗನೂ 1963ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಹೋದರು. ಮೂರು ವರ್ಷಗಳ ನಂತರ ಖೈರಿಯವರೂ ಕಣ್ಣು ಮುಚ್ಚಿದರು. ಕ್ರೈಸ್ತ ಗೆಳೆಯನ ಹೆಸರು ಉಳಿಯಲೆಂದು ಮುಸ್ಲಿಂ ಗೆಳೆಯನೊಬ್ಬ ತನ್ನ ಮಗನನ್ನೇ ರಂಗಕ್ಕೆ ಕೊಟ್ಟ ಈ ಸಂಗತಿ ನಮ್ಮನ್ನು ಬಹಳ ತಟ್ಟಿತು. ರಿಹಾನಿಯವರ ಜೀವನದ ಬಗ್ಗೆ ಎಷ್ಟೋ ಪುಸ್ತಕಗಳು, ಕಾರ್ಯಕ್ರಮಗಳು ಬಂದಿವೆ. ಅವುಗಳಲ್ಲಿ ಅವರ ತಪ್ಪುಗಳನ್ನೂ ಮುಚ್ಚಿಟ್ಟಿಲ್ಲ. ಆದರೆ ಒಬ್ಬ ಮನುಷ್ಯ ಸತ್ತ ಮೇಲೂ ಅವನ ಕೆಲಸವನ್ನು ತನ್ನದೆಂದೇ ತಿಳಿದು ಮುಂದುವರಿಸುವ ಗೆಳೆಯನೊಬ್ಬನಿದ್ದರೆ, ಆ ಮನುಷ್ಯ ಬದುಕಿನಲ್ಲಿ ಏನನ್ನು ಗಳಿಸಿದ್ದನೆಂದು ಬೇರೆ ಹೇಳಬೇಕಾಗಿಲ್ಲ.